ಹಗ್ಗ ಎಟುಕಿದಷ್ಟು

ಬೆಳಗ್ಗೆ ಈರುಳ್ಳಿ ಹೊಲದ ಬದು ಏರಿದವಳೇ ಭಾನುಪ್ರಿಯಾ, "ಅತ್ತೇ, ಓಡಿ ಬನ್ನಿ!" ಎಂದು ದೂರದ ಅಂಬಾಜಿದುರ್ಗದ ಬೆಟ್ಟಕ್ಕೇ ಕೇಳುವಂತೆ ಕೂಗಿದಳು.

ಎರಡು ತಿಂಗಳ ಹಿಂದೆ ಅವಳು ಈರುಳ್ಳಿ ಪೈರಿನ ನಡುವೆ ರಾಗಿ ಹುಲ್ಲು ಹರಡಿದಾಗ ಅತ್ತೆ ಅಮ್ಮಾಜಮ್ಮ ಕೆಂಡವಾಗಿದ್ದರು. "ಹಸು ತಿನ್ನೋದನ್ನ ಮಣ್ಣಿಗೆ ಹೊದಿಸ್ತೀಯೇನಮ್ಮ?" ಕಳೆ ಏಳುವುದಿಲ್ಲ, ತೇವ ಆರುವುದಿಲ್ಲ ಎಂದು ಸೊಸೆ ಎಷ್ಟು ಹೇಳಿದರೂ ಕೇಳದೆ, ಮಾರನೆಯ ದಿನವೇ ಹಸುವನ್ನು ತಂದು ಬದುವಿನ ಮೇಲೆ ಗೂಟಕ್ಕೆ ಕಟ್ಟಿದರು. ಘಾಟಿನ ಈರುಳ್ಳಿ ಪೈರನ್ನು ಬಿಟ್ಟು, ಹಗ್ಗ ಎಟುಕಿದಷ್ಟು ಹುಲ್ಲನ್ನೂ ಅದು ಮೇದುಬಿಟ್ಟಿತು. ಆ ಸಿಟ್ಟಿನಲ್ಲೇ ತಂಗಿಯ ಬಾಣಂತನಕ್ಕೆಂದು ಗೌರಿಬಿದನೂರಿಗೆ ಹೋದ ಭಾನುಪ್ರಿಯಾ ನಿನ್ನೆ ಸಂಜೆಯಷ್ಟೇ ವಾಪಸು ಬಂದಿದ್ದಳು.

ಈಗ ನೋಡಿದರೆ, ಹಸು ಮೇದ ಜಾಗದಲ್ಲಿ ಮೊಣಕಾಲುದ್ದ ಕಳೆ, ಅದರೊಳಗೆ ಸೊರಗಿದ ಈರುಳ್ಳಿ. ಹಗ್ಗ ಎಟುಕದ ಕಡೆ ಕಳೆಯ ಸುಳಿವೇ ಇಲ್ಲ. ಗುಂಡು ಗುಂಡಾದ ಗೆಡ್ಡೆಗಳು ಹುಲ್ಲನ್ನು ತಳ್ಳಿಕೊಂಡು ಮೇಲೆದ್ದಿವೆ. ಎರಡರ ನಡುವೆ ಯಾರೋ ಅಳೆದು ಎಳೆದಂತೆ ಅರ್ಧಚಂದ್ರದ ಗೆರೆ!

"ಕೂಗ್ಬೇಡ ಕಣಮ್ಮ, ನಾನು ಯಾವತ್ತೋ ನೋಡಾಯ್ತು."

ಭಾನುಪ್ರಿಯಾ ತಿರುಗಿದಳು. ಪಕ್ಕದ ಮಡಿಯಲ್ಲಿ, ಹೊಸದಾಗಿ ನೆಟ್ಟ ಪೈರಿನ ನಡುವೆ ಕೂತು ಅಮ್ಮಾಜಮ್ಮ ತಾವೇ ರಾಗಿ ಹುಲ್ಲು ಹರಡುತ್ತಿದ್ದರು.

ಅವಳಿಗೆ ನಗು ತಡೆಯಲಾಗಲಿಲ್ಲ. "ಒಂದು ಗರಿಕೆ ಕಂಡ್ರೂ ಬಿಡದವ್ರು ನೀವು. ಈ ಕಳೆ ಯಾಕೆ ಕೀಳದೆ ಬಿಟ್ರಿ ಅತ್ತೆ?"

ಅಮ್ಮಾಜಮ್ಮ ತಲೆ ಎತ್ತಲಿಲ್ಲ.

"ಕಿತ್ತಿದ್ರೆ, ನೀನು ಬಂದಾಗ ಏನು ತೋರಿಸ್ಲಿ?"