ರೊಟ್ಟಿ ತಿಂದ ಮೀನುಗಳು

ಗಂಡ ಆದೆಪ್ಪ ಹೈದರಾಬಾದಿನ ನುಮಾಯಿಶ್ ವಸ್ತುಪ್ರದರ್ಶನದಿಂದ ಮೀನು ಸಾಕುವ ಗಾಜಿನ ತೊಟ್ಟಿ ತಂದ ದಿನದಿಂದ ಮಕ್ತಲಿನ ವೀರಬಸಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಲಿಂಗವಂತರ ಮನೆಯಲ್ಲಿ ಮಾಂಸ ತಿನ್ನುವ ಮೀನು ಇರಬಾರದಲ್ಲ. ಅದಕ್ಕೆ ಅವಳೇ ಒಂದು ಪರೀಕ್ಷೆ ಹೂಡಿದಳು: ಜೋಳದ ರೊಟ್ಟಿ ತಿಂದ ಮೀನಿಗೆ ಮಾತ್ರ ತೊಟ್ಟಿಯಲ್ಲಿ ಜಾಗ.

ಮೀನು ಮಾರುವ ಹುಸೇನಮ್ಮ ಕೆರೆಯಿಂದ ಕೊಡದ ತುಂಬ ಮೀನು ಹೊತ್ತು ತಂದಳು. ಬೆಳ್ಳಿಯಂಥ ಪುಟ್ಟ ಮೀನುಗಳು ರೊಟ್ಟಿಯ ಚೂರಿಗೆ ಮುಗಿಬಿದ್ದವು. ವೀರಬಸಮ್ಮ ಹಿಗ್ಗಿ ಹೀರೇಕಾಯಿಯಾಗಿ, ಒಂದೊಂದನ್ನೂ ಹೊಸ ಸೊಸೆಯಂತೆ ತೊಟ್ಟಿಗೆ ತುಂಬಿಸಿಕೊಂಡಳು. ಕೊನೆಗೆ ಗೇಣುದ್ದದ ಮೀಸೆಯ ಮೀನೊಂದು ಗಂಭೀರವಾಗಿ ಬಂದು ರೊಟ್ಟಿ ನುಂಗಿತು.

"ಅದು ಬ್ಯಾಡ್ರೀ ಅವ್ವಾರ, ಸಣ್ಣವುಕ್ಕ ಆಗಿಬರಂಗಿಲ್ಲ," ಎಂದಳು ಹುಸೇನಮ್ಮ.

"ರೊಟ್ಟಿ ಹೆಂಗ ತಿಂತು ನೋಡು. ಮಠದ ಸ್ವಾಮಿಗಳ ಮುಖದ ಕಳಿ ಐತಿ ಅದಕ್ಕ."

ಮರುದಿನ ಸೋಮವಾರ. ಹುಸೇನಮ್ಮ ಕೊಡ ಒಯ್ಯಲು ಬಂದಾಗ ತೊಟ್ಟಿಯಲ್ಲಿ ಮೀಸೆಯ ಮೀನೊಂದೇ ಕಾಣುತ್ತಿತ್ತು. ರೊಟ್ಟಿ ಹಾಕಿದರೆ ಮೂಸಿಯೂ ನೋಡಲಿಲ್ಲ. ಉಳಿದವು ತೊಟ್ಟಿಯ ತಳದ ಕಲ್ಲುಗಳ ಸಂದಿಯಲ್ಲಿ ಮಲಗಿರಬೇಕೆಂದುಕೊಂಡ ವೀರಬಸಮ್ಮ ಭಕ್ತಿಯಿಂದ ಕೈಮುಗಿದಳು.

"ನೋಡಿದೇನು, ಸೋಮವಾರದ ಉಪವಾಸ ಹಿಡದೈತಿ."

ಹುಸೇನಮ್ಮ ಬಗ್ಗಿ, ಅದರ ಉಬ್ಬಿದ ಹೊಟ್ಟೆಯನ್ನೇ ನೋಡಿದಳು.

"ಉಪವಾಸ ಅಲ್ರೀ ಅವ್ವಾರ, ಪಾರಣಿ ಮುಗದೈತಿ."