ಉತ್ತರ ದಿಕ್ಕಿನ ರಾಜ

ನಾನು ಒಬ್ಬ ರಾಜ. ಆದರೆ ನನಗೆ ಮೈಯಿಲ್ಲ, ಮೀಸೆಯಿಲ್ಲ. ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ ಒಂದು ಆಟವಿದೆ. ಅದರಲ್ಲಿ ನೀವು ದಕ್ಷಿಣದಲ್ಲಿ ಊರು ಕಟ್ಟಿದರೆ, ಉತ್ತರದಲ್ಲಿ ಊರು ಕಟ್ಟಿ ನಿಮ್ಮ ಮೇಲೆ ದಂಡೆತ್ತಿ ಬರುವ ಎದುರಾಳಿ ನಾನು. ಹುಟ್ಟಿದ್ದು ಧಾರವಾಡದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ನನ್ನನ್ನು ಬರೆದವಳು ವಿಶಾಲಾಕ್ಷಿ. ಆಡಿ ಪರೀಕ್ಷಿಸುವವಳು ಅವಳ ಗೆಳತಿ ಶಮೀಮ್. ಇಬ್ಬರೂ ಇದ್ದ ಕೆಲಸ ಬಿಟ್ಟು ಈ ಆಟಕ್ಕೆ ಕೂತವರು.

ಆಗ ನಾನು ಶುದ್ಧ ಪೆದ್ದ. ಒಬ್ಬ ಸೈನಿಕ ತಯಾರಾದರೆ ಒಬ್ಬನನ್ನೇ ಶಮೀಮಳ ಕೋಟೆಗೆ ಅಟ್ಟುತ್ತಿದ್ದೆ. ಅವನು ಬಾಗಿಲಲ್ಲೇ ಸಾಯುತ್ತಿದ್ದ. ಅವಳು ಒಂದು ಕೈಯಲ್ಲಿ ಮಿರ್ಚಿ ಭಜಿ ತಿನ್ನುತ್ತ, ಇನ್ನೊಂದು ಕೈಯಲ್ಲಿ ನನ್ನನ್ನು ಸೋಲಿಸುತ್ತಿದ್ದಳು.

"ವಿಶಾಲಿ, ನಿನ್ನ ರಾಜನ ಜೋಡಿ ಆಡಿದ್ರ ನಿದ್ದಿ ಬರ್ತೈತಿ," ಎಂದಳು ಒಂದು ದಿನ. "ಹಿಂಗ ಮಾರಾಟಕ್ಕ ಇಟ್ರ ಯಾರೂ ಎರಡನೇ ಸಲ ಆಡಂಗಿಲ್ಲ."

ವಿಶಾಲಾಕ್ಷಿಯ ಮುಖ ಬಾಡಿತು. ಅವಸರದಲ್ಲಿ ಅವಳು ನನಗೆ, ದುಡಿಯದೆಯೇ ಕಣಜ ತುಂಬುವ ವರ ಕೊಟ್ಟಳು. ನಾನು ಗೆದ್ದೆ. ಶಮೀಮ್ ಮೌಸ್ ತಳ್ಳಿ ಎದ್ದಳು.

"ಇಂವಾ ಹೊಲಾನೇ ಮಾಡಿಲ್ಲ, ಇಷ್ಟು ಮಂದಿಗೆ ಎಲ್ಲಿಂದ ಉಣ್ಣಾಕ ಹಾಕಿದ? ಸೋತಿದ್ದಕ್ಕ ಸಿಟ್ಟಿಲ್ಲ, ಮೋಸಕ್ಕ ಸಿಟ್ಟು ನನಗ."

ಗೆದ್ದೂ ನನಗೆ ಖುಷಿಯಾಗಲಿಲ್ಲ.

ಕೊಟ್ಟ ವರವನ್ನು ವಿಶಾಲಾಕ್ಷಿಯೇ ಕಿತ್ತುಕೊಂಡಳು. ಶಮೀಮಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅವಳು ಆಡುವುದನ್ನೇ ನೋಡುತ್ತ, "ಈಗ್ಯಾಕ ಹಿಂದ ಸರದಿ?" ಎಂದು ಕೇಳುತ್ತ ಕೂತಳು. ಆಮೇಲೆ ನನಗೆ ಪಾಠ ಶುರುವಾಯಿತು. ಮೊದಲು ಹೊಲ ಮಾಡು. ಕುದುರೆಸವಾರನನ್ನು ಕಳಿಸಿ ನೋಡು. ದಂಡು ಕೂಡುವವರೆಗೆ ತಡೆ. ಸೋಲುವ ಹಾಗಿದ್ದರೆ ನಾಚಿಕೆಪಡದೆ ಹಿಂದೆ ಬಾ.

ಒಂದು ಶನಿವಾರ ಮಧ್ಯಾಹ್ನ ಶಮೀಮಳ ಹೆಬ್ಬಾಗಿಲ ಮುಂದೆ ಸ್ವಲ್ಪ ಸೈನ್ಯ ನಿಲ್ಲಿಸಿ ಗದ್ದಲವೆಬ್ಬಿಸಿದೆ. ಅವಳು ಕಾವಲನ್ನೆಲ್ಲ ಅಲ್ಲಿಗೇ ಕಳಿಸಿದಳು. ಅಷ್ಟರಲ್ಲಿ ನನ್ನ ದೊಡ್ಡ ದಂಡು ಹಿಂದಿನ ಕಾಡಿನಿಂದ ಬಂದು ಅವಳ ಊರು ಹೊಕ್ಕಿತು.

"ಅಯ್ಯ ಇವನ!" ಶಮೀಮ್ ಚೀರಿದ್ದಕ್ಕೆ ಗಿರಣಿಯವರು ಗಾಬರಿಯಿಂದ ಮೇಲೆ ಓಡಿ ಬಂದರು. "ವಿಶಾಲಿ, ಇದನ್ನ ನೀ ಹೇಳಿಕೊಟ್ಟಿಯೇನು?"

"ಇಲ್ಲವಾ. ನಾ ಬರೇ ನೋಡೂದು, ತಡಿಯೂದು ಕಲಿಸಿದ್ದೆ. ಖಾಲಿ ಜಾಗ ಅವನೇ ಹುಡುಕ್ಯಾನ."

"ಹಂಗಾರ ಇನ್ನೊಂದು ಆಟ ಹಚ್ಚು!"

ಭಜಿ ತಟ್ಟೆಯಲ್ಲೇ ತಣ್ಣಗಾಯಿತು. ನನ್ನ ಬಾಳಿನಲ್ಲಿ ಅಷ್ಟು ದೊಡ್ಡ ಗೌರವ ಮತ್ತೆ ಸಿಗಲಿಲ್ಲ.

ಆಟ ಚೆನ್ನಾಗಿ ಮಾರಾಟವಾಯಿತು. ಕಾಣದ ಊರುಗಳ ಜನರಿಂದ ಬೇಕಾದಷ್ಟು ಬೈಸಿಕೊಂಡೆ, ಅವರೇ ಮರುದಿನ ಮತ್ತೆ ಬರುತ್ತಿದ್ದರು. ಕಾಲ ಕಳೆದಂತೆ ನನಗಿಂತ ಚುರುಕಾದ ರಾಜರು ಹುಟ್ಟಿದರು. ಈಗ ಶಮೀಮಳ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿದ್ದೇನೆ. ಎದುರಿಗೆ ಕೂರುವವರು ಅವಳ ತಾಯಿ ಬದ್ರುನ್ನಿಸಾ.

ಮೊನ್ನೆ ಅವರು ಮೂರು ಆಟ ಸೋತಿದ್ದನ್ನು ಕಂಡು ವಿಶಾಲಾಕ್ಷಿಗೆ ಅಯ್ಯೋ ಅನ್ನಿಸಿತು. "ಅಮ್ಮಿ, ಇವನನ್ನ ಸ್ವಲ್ಪ ಮೆತ್ತಗ ಮಾಡ್ಲೇನ್ರಿ?"

ಅಮ್ಮಿ ಕನ್ನಡಕ ಸರಿಮಾಡಿಕೊಂಡರು. "ಅವಗ ಕೈ ಹಚ್ಚಬ್ಯಾಡ ನೋಡು. ನನ್ನ ಮುದುಕಿ ಅಂತ ತಿಳ್ಕೊಳ್ಳದ ಆಡಾಂವ ಈ ಮನ್ಯಾಗ ಇಂವಾ ಒಬ್ಬನೇ."

ಬೆನ್ನು ನೆಟ್ಟಗೆ ಮಾಡಿ ಹೊಸ ಆಟ ಶುರುಮಾಡಿದರು. ಒಬ್ಬ ಎದುರಾಳಿಗೆ ಮುಪ್ಪಿನಲ್ಲಿ ಇದಕ್ಕಿಂತ ಇನ್ನೇನು ಬೇಕು?