ಅಳುಮುಂಜಿ ಮೀನು

ಬೀಗಿತ್ತಿ ಆಗಬೇಕಾದವರು ಊಟಕ್ಕೆ ಬರ್ತಾರೆ ಅಂದಾಗಿನಿಂದ ನಾನು ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸ್ತಿದ್ದೆ. ಮೊಸರಲ್ಲಿ ಕಲ್ಲು ಹುಡುಕುವ ಹೆಂಗಸು ಅಂತ ಮಗಳೇ ಎಚ್ಚರಿಸಿದ್ದಳು. ಹುಡುಗ ಒಪ್ಪಿದ್ದ, ಮಗಳು ಒಪ್ಪಿದ್ದಳು. ಆ ತಾಯಿ ಹೂಂ ಅನ್ನೋದೊಂದೇ ಬಾಕಿ. ನಮ್ಮ ಹೋಟೆಲಿಗೆ ಆ ಮಧ್ಯಾಹ್ನ ರಜೆ ಕೊಟ್ಟು, ಕಿಟಕಿ ಪಕ್ಕ ಎರಡು ಮೇಜು ಜೋಡಿಸಿದೆ. "ಅಮ್ಮಾ, ನೀನು ಮಾರ್ಕೆಟ್ಟಲ್ಲಿ ಮೀನು ಮಾರ್ತಿದ್ದ ವಿಷಯ ಎತ್ತಬೇಡ" ಅಂತ ನನ್ನಮ್ಮನಿಗೆ ಬೇರೆ ತಾಕೀತು ಮಾಡಿದ್ದೆ. ಮೀನಿನ ಹೊಟ್ಟೆ ಸೀಳ್ತಾ ಕೂತಿದ್ದವಳು "ಆಯ್ತು ಕಣೆ" ಅಂದಳು, ಅಷ್ಟೇ.

ನಮ್ಮೂರಲ್ಲಿ ಎಲ್ಲರೂ ಅಳುಮುಂಜಿ ಅಂತ ಕರೆಯೋ ಮೀನು ಅಂತ ಹೇಳಿ ಬಡಿಸಿದೆ. ಕರಿದ ಮೀನು ಬಾಯಿಗಿಟ್ಟಿದ್ದೇ ಬೀಗಿತ್ತಿಯ ಮುಖ ಸಡಿಲಾಯಿತು. "ಅಬ್ಬಾ, ಏನು ರುಚಿ! ಅಲ್ಲಾ, ಇಂಥ ಮೀನಿಗೆ ಅಳುಮುಂಜಿ ಅಂತ ಯಾಕ್ರೀ ಹೆಸರು ಬಂತು?"

ಗೊತ್ತಿಲ್ಲ ಅಂದುಬಿಟ್ಟಿದ್ದರೆ ನನ್ನಪ್ಪನ ಗಂಟೇನು ಹೋಗ್ತಿತ್ತು? ಆದರೆ ಬಂದಾಗಿನಿಂದ ಅವರು ನಕ್ಕಿದ್ದು ಅದೇ ಮೊದಲು. ನನಗೆ ಇನ್ನಷ್ಟು ನಗಿಸುವ ಹುಕಿ ಬಂತು.

"ಅದಾ? ಹಿಂದೆ ಮಾರ್ಕೆಟ್ಟಲ್ಲಿ ಒಬ್ಬಳು ಇದ್ದಳಂತೆ. ಬೆಳಗಾದರೆ ಬುಟ್ಟಿ ಮುಂದೆ ಕೂತು ಗೊಳೋ ಅಂತ ಅಳೋದು. ಜನ ಅಯ್ಯೋ ಪಾಪ ಅಂತ ಮೀನು ಕೊಳ್ಳೋದು. ಒಳ್ಳೇ ನಾಟಕದವಳು! ಅಳುಮುಂಜಿ ಹತ್ರ ತಂದೆ, ಅಳುಮುಂಜಿ ಹತ್ರ ತಂದೆ ಅಂತ ಹೇಳೀ ಹೇಳೀ ಕೊನೆಗೆ ಮೀನಿಗೇ ಆ ಹೆಸರು ಅಂಟಿಕೊಳ್ತು." ಮೂಗು ಸೊರಸೊರ ಎಳೆದು, ಅಳೋದನ್ನೂ ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳೂ ನಕ್ಕಳು, ಮಾರ್ಕೆಟ್ಟಿನ ಕಥೆ ಅವಳಿಗೂ ನಾನು ಹೇಳಿರಲಿಲ್ಲ.

ಆ ಹೆಂಗಸು ನನ್ನಮ್ಮ. ಅಪ್ಪ ಸತ್ತಾಗ ನಾನು ಅಂಬೆಗಾಲಿಡೋ ಕೂಸು. ನೋಡಿಕೊಳ್ಳೋರು ಯಾರೂ ಇಲ್ಲದೆ ನನ್ನನ್ನ ಕೋಣೆಯೊಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ ಮೀನು ಮಾರೋಕೆ ಹೋಗ್ತಿದ್ದಳು. ನಾನು ಬಾಗಿಲು ಬಡಿಯೋ ಸದ್ದು ಮಾರ್ಕೆಟ್ಟಲ್ಲೂ ಕಿವಿಯಲ್ಲೇ ಇರ್ತಿತ್ತಂತೆ. ಅದಕ್ಕೆ ಅಳ್ತಿದ್ದಳು.

ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಬಿಸಿ ಮೀನಿನ ತಟ್ಟೆ. ಭೂಮಿ ಬಾಯಿಬಿಟ್ಟು ನನ್ನನ್ನ ನುಂಗಬಾರದೇ ಅನ್ನಿಸಿತು.

"ಹೌದ್ ಹೌದು, ನಾನೇ ಕಣ್ಣಾರೆ ನೋಡಿದೀನಲ್ಲ" ಅಂದಳು ಅಮ್ಮ, ತಟ್ಟೆ ಇಡ್ತಾ. "ಮಹಾ ನಾಟಕದವಳು!" ಎಲ್ಲರಿಗಿಂತ ಜೋರಾಗಿ ನಕ್ಕಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ಬೀಗಿತ್ತಿ ಕಣ್ಣೊರೆಸಿಕೊಂಡು, "ಆಮೇಲೆ ಏನಾದಳು, ಪಾಪ?" ಅಂದರು.

"ಅವಳಿಗೊಬ್ಬಳು ಮಗಳಿದ್ದಳು. ಆ ಮಗಳು ದೊಡ್ಡವಳಾದ ಮೇಲೆ ತಾಯಿ ಅಳೋದು ಬಿಟ್ಟಳು" ಅಂತ ಅಮ್ಮ ಅವರಿಗೆ ಇನ್ನೊಂದು ಮೀನು ಬಡಿಸಿದಳು.

ಥೂ, ನನ್ನ ಜನ್ಮಕ್ಕಿಷ್ಟು! ಆ ಮಗಳು ನಾನೇ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಬಾಯಿ ತೆಗೆದರೆ ಮಾತಿಗಿಂತ ಮೊದಲು ಕಣ್ಣಲ್ಲಿ ದಳದಳ ನೀರು.

"ನೋಡಿ ಇವಳನ್ನ, ಈ ವಯಸ್ಸಲ್ಲೂ ಖಾರ ತಡೆಯಲ್ಲ" ಅಂತ ಅಮ್ಮ ನೀರಿನ ಲೋಟ ನನ್ನ ಮುಂದೆ ತಳ್ಳಿದಳು. ಎಲ್ಲರೂ ಇನ್ನೊಮ್ಮೆ ನಕ್ಕರು. ಬೀಗಿತ್ತಿ ನನ್ನ ಬೆನ್ನು ತಟ್ಟುತ್ತಾ, ಮದುವೆ ಯಾವಾಗ ಇಟ್ಟುಕೊಳ್ಳೋಣ ಅಂತ ಕೇಳಿದರು.

ನಾನು ನೀರು ಕುಡಿದೆ. ನಿಮಗೆ ಯಾವಾಗ ಅನುಕೂಲವೋ ಆವಾಗ ಅಂದೆ.